ಕೂಗುವ ತಪ್ಪು, ಕೂಗದ ತಪ್ಪು

ಒಂದು ಮಾತಿನೊಳಗೆ ಇನ್ನೊಂದು ಮಾತನ್ನು ಕೂರಿಸುವುದು ನಮಗೇನೂ ಹೊಸದಲ್ಲ. "ಫಾರಂ ಫಿಲಪ್ ಮಾಡಿ ಕೌಂಟರಿನಲ್ಲಿ ಕೊಡಿ" ಎಂದು ಬ್ಯಾಂಕಿನಲ್ಲಿ ಹೇಳಿದರೆ, ಅದು ಕನ್ನಡವಲ್ಲವೆಂದು ಯಾರೂ ತಕರಾರು ಮಾಡುವುದಿಲ್ಲ. ಕ್ರಿಯಾಪದವೊಂದು ನಮ್ಮದಾದರೆ ಸಾಕು. ಉಳಿದ ಪರಿವಾರ ಎಲ್ಲಿಂದ ಬಂದರೂ ನಡೆಯುತ್ತದೆ. ಈ ವಿಷಯದಲ್ಲಿ ಬಿಗಿಯಾಗಿದ್ದವರು ನಮ್ಮ ಲಾಕ್ಷಣಿಕರು ಮಾತ್ರ. ಕನ್ನಡ ಪದಕ್ಕೂ ಸಂಸ್ಕೃತ ಪದಕ್ಕೂ ಸಮಾಸ ಮಾಡಿದರೆ ಅದಕ್ಕೆ ಅರಿಸಮಾಸವೆಂದು ಹೆಸರು. ಅರಿ ಎಂದರೆ ಶತ್ರು. 9ನೆಯ ಶತಮಾನದ ಕವಿರಾಜಮಾರ್ಗವು ಇಂಥ ಬೆರಕೆಯನ್ನು ಕುದಿಯುವ ಹಾಲಿಗೆ ಮಜ್ಜಿಗೆಯ ಹನಿ ಬಿದ್ದುದಕ್ಕೆ ಹೋಲಿಸುತ್ತದೆ. 13ನೆಯ ಶತಮಾನದ ಕೇಶಿರಾಜನು ರೂಢಿಯಲ್ಲಿ ಬಂದ ಕೆಲವನ್ನು ಒಪ್ಪಿಕೊಂಡು ಉಳಿದವಕ್ಕೆ ಬಾಗಿಲು ಹಾಕಿದನು. ಈ ಪಾಠವನ್ನು ವರ್ಷವರ್ಷವೂ ಹೇಳುವ ನನಗೆ, ಲೋಕದ ಎಷ್ಟೋ ಲೆಕ್ಕಪತ್ರಗಳು ಇಂದಿಗೂ ಇಂಥ ಮಜ್ಜಿಗೆ ಬಿದ್ದ ಹಾಲಿನಿಂದಲೇ ನಡೆಯುತ್ತಿವೆ ಎಂಬ ಸಂಗತಿ ತಿಳಿದದ್ದು ಈಚೆಗೆ, ನನ್ನ ಅಕ್ಕನ ಮಗಳಿಂದ.

ಅವಳು ಬೆಂಗಳೂರಿನ ಕಂಪೆನಿಯೊಂದರಲ್ಲಿ ಇಂಜಿನಿಯರು. ಮನೆಯಲ್ಲೇ ಕುಳಿತು ಕೆಲಸ ಮಾಡುವ ಅನುಕೂಲ ಈಗಿನವರಿಗೆ ಉಂಟಷ್ಟೆ. ಹಾಗೆ ಮೂರು ವಾರ ನಮ್ಮ ಮನೆಗೆ ಬಂದವಳು ಊಟದ ಮೇಜಿನ ಒಂದು ತುದಿಯನ್ನು ಕಚೇರಿ ಮಾಡಿಕೊಂಡಳು. ಇನ್ನೊಂದು ತುದಿಯಲ್ಲಿ ನಾನು ನನ್ನ ವಿದ್ಯಾರ್ಥಿಗಳ ಪ್ರಬಂಧಗಳನ್ನು ತಿದ್ದುತ್ತಿದ್ದೆ. ಇಬ್ಬರದೂ ತಪ್ಪು ಹುಡುಕುವ ಉದ್ಯೋಗವೇ. ನಾನು ಹುಡುಕುವುದು ಕೆಂಪು ಶಾಯಿಯಿಂದ. ಅವಳಿಗೆ ಆ ಕಷ್ಟವಿಲ್ಲ, ಯಂತ್ರವೇ ಕೆಂಪು ಅಕ್ಷರಗಳಲ್ಲಿ ತಪ್ಪುಗಳ ಪಟ್ಟಿ ಬರೆದುಕೊಡುತ್ತದೆ. ಹಳೆಯ ಸಹಕಾರ ಸಂಘವೊಂದರ ಲೆಕ್ಕದ ಪ್ರೋಗ್ರಾಮುಗಳನ್ನು ಒಂದು ಡೇಟಾಬೇಸಿನಿಂದ ಇನ್ನೊಂದಕ್ಕೆ ಸಾಗಿಸುವ ಕೆಲಸ ಅವಳ ಪಾಲಿಗೆ ಬಂದಿತ್ತು. ಇದಕ್ಕೆ ಅವರು ಪೋರ್ಟಿಂಗ್ ಎನ್ನುತ್ತಾರೆ. ಬಂದರಿಗೂ ಇದಕ್ಕೂ ಏನು ನಂಟೋ. ನನಗಂತೂ ಅದು ಬಾಡಿಗೆ ಮನೆ ಬದಲಾಯಿಸುವುದರಂತೆಯೇ ಕಂಡಿತು. ಹಳೆಯ ಮನೆಯಲ್ಲಿ ಅಂದವಾಗಿ ಕೂರುತ್ತಿದ್ದ ಬೀರು ಹೊಸ ಮನೆಯ ಬಾಗಿಲಲ್ಲೇ ಸಿಕ್ಕಿಕೊಳ್ಳುತ್ತದೆಯಲ್ಲವೇ, ಹಾಗೆ.

ಇಲ್ಲಿ ಸ್ವಲ್ಪ ಪೂರ್ವಕಥೆ ಹೇಳಬೇಕು. 1970ರಲ್ಲಿ, ಐಬಿಎಂ ಕಂಪೆನಿಯ ಸ್ಯಾನ್ ಹೋಸೆ ಸಂಶೋಧನಾಲಯದಲ್ಲಿದ್ದ ಎಡ್ಗರ್ ಕಾಡ್ ಎಂಬವರು, ಎಂಥ ಮಾಹಿತಿಯನ್ನೇ ಆಗಲಿ ಅಡ್ಡಸಾಲು ಉದ್ದಸಾಲುಗಳ ಕೋಷ್ಟಕಗಳಾಗಿ ಇಡಬಹುದೆಂದು ತೋರಿಸಿ ಒಂದು ಪ್ರಬಂಧ ಬರೆದರು. ಆ ಕೋಷ್ಟಕಗಳನ್ನು ಪ್ರಶ್ನೆ ಕೇಳಲು ಒಂದು ಭಾಷೆ ಬೇಕಷ್ಟೆ. ಅದನ್ನು 1974ರಲ್ಲಿ ಅದೇ ಸಂಸ್ಥೆಯ ಡೊನಾಲ್ಡ್ ಚೇಂಬರ್ಲಿನ್ ಮತ್ತು ರೇಮಂಡ್ ಬಾಯ್ಸ್ ಕಟ್ಟಿಕೊಟ್ಟರು. ಸೀಕ್ವೆಲ್ ಎಂದು ಇಟ್ಟ ಹೆಸರು ಬೇರೊಬ್ಬರ ವ್ಯಾಪಾರಮುದ್ರೆಯಾಗಿದ್ದುದರಿಂದ ಸ್ವರಗಳನ್ನು ಕಳೆದುಕೊಂಡು ಎಸ್‌ಕ್ಯೂಎಲ್ ಎಂದಾಯಿತು. 1979ರಲ್ಲಿ ಆರಕಲ್ ಎಂಬ ಡೇಟಾಬೇಸು ಮಾರಾಟಕ್ಕೆ ಬಂತು. 1986ರಲ್ಲಿ ಅಮೆರಿಕದ ಮಾನಕ ಸಂಸ್ಥೆ ಈ ಭಾಷೆಗೆ ಒಂದು ಅಧಿಕೃತ ವ್ಯಾಕರಣವನ್ನು ಗೊತ್ತುಮಾಡಿತು. ಆದರೆ ಅಷ್ಟು ಹೊತ್ತಿಗೆ ಒಬ್ಬೊಬ್ಬ ವ್ಯಾಪಾರಿಯ ಅಂಗಡಿಯಲ್ಲೂ ಒಂದೊಂದು ಉಪಭಾಷೆ ಹುಟ್ಟಿಯಾಗಿತ್ತು. ವ್ಯಾಕರಣ ಬರುವ ಮೊದಲೇ ಆಡುಮಾತು ಬೆಳೆದುಬಿಡುವುದು ಎಲ್ಲ ಭಾಷೆಗಳ ಚರಿತ್ರೆಯೂ ಹೌದು.

ಈ ಎಸ್‌ಕ್ಯೂಎಲ್ ಮಾತು ಬಲ್ಲ ಭಾಷೆಯೇ ಹೊರತು ಕೆಲಸ ಬಲ್ಲ ಭಾಷೆಯಲ್ಲ. "ಇಂಥ ಊರಿನ ಸದಸ್ಯರ ಹೆಸರುಗಳನ್ನು ಕೊಡು" ಎಂದು ಠೀವಿಯಿಂದ ಕೇಳುತ್ತದೆ. ಬಂದ ಹೆಸರುಗಳನ್ನು ಒಂದೊಂದಾಗಿ ಎತ್ತಿಕೊಂಡು, ಲೆಕ್ಕ ಹಾಕಿ, ಪುಟ ಕಟ್ಟಿ ಅಚ್ಚುಮಾಡಲು ಬೇರೆಯವರು ಬೇಕು. ಆ ದುಡಿಮೆಯನ್ನು ಕೋಬಾಲ್, ಸಿ ಮೊದಲಾದ ಭಾಷೆಗಳು ಮಾಡುತ್ತವೆ. ಆದ್ದರಿಂದ ಎಸ್‌ಕ್ಯೂಎಲ್ ವಾಕ್ಯಗಳನ್ನು ಸಿ ಭಾಷೆಯ ಬರವಣಿಗೆಯ ಮಧ್ಯೆ ಮಧ್ಯೆ ಕೂರಿಸುತ್ತಾರೆ. ಇದೇ ಎಂಬೆಡೆಡ್ ಎಸ್‌ಕ್ಯೂಎಲ್. ಕೂರಿಸಿಕೊಂಡ ಭಾಷೆಗೆ ಆ ಶಾಸ್ತ್ರದಲ್ಲಿ ಆತಿಥೇಯ ಭಾಷೆ ಎಂದೇ ಹೆಸರಂತೆ. ಹಾಗಾದರೆ ಕುಳಿತದ್ದು ಅತಿಥಿ. ಮೂರು ದಿನ ಇದ್ದು ಹೋಗುವ ಅತಿಥಿಯಲ್ಲ, ಮನೆಯಳಿಯ.

ಮನೆಯಳಿಯನಿಗೆ ಮರ್ಯಾದೆಗಳೂ ಹೆಚ್ಚು. ಅತಿಥಿಯ ವಾಕ್ಯ ಶುರುವಾಗುವ ಮೊದಲು "ಎಕ್ಸೆಕ್ ಎಸ್‌ಕ್ಯೂಎಲ್" ಎಂದು ಬಹುಪರಾಕು ಹೇಳಬೇಕು. ವಾಕ್ಯ ಮುಗಿದಾಗ, ಸಿ ಮನೆಯಾದರೆ ಒಂದು ಅರ್ಧವಿರಾಮ ಚಿಹ್ನೆ. ಕೋಬಾಲ್ ಮನೆಯಾದರೆ "ಎಂಡ್ ಎಕ್ಸೆಕ್" ಎಂದು ಮಂಗಳ ಹಾಡಬೇಕು. ಆತಿಥೇಯನ ಮನೆಯ ಪಾತ್ರೆಯನ್ನು ಅತಿಥಿ ಮುಟ್ಟುವಾಗ ಆ ಪಾತ್ರೆಯ ಹೆಸರಿನ ಹಿಂದೆ ಎರಡು ಚುಕ್ಕೆಗಳ ಕೋಲನ್ ಇಡಬೇಕು. ಇಲ್ಲದಿದ್ದರೆ ಅದು ತನ್ನ ಕೋಷ್ಟಕದ ಹೆಸರೋ ಈ ಮನೆಯ ಪಾತ್ರೆಯೋ ಅದಕ್ಕೆ ತಿಳಿಯದು. ವಿರಾಮಚಿಹ್ನೆಗಳಿಗೆ ಹುಡುಗರು ಬೆಲೆ ಕೊಡುವುದಿಲ್ಲವೆಂದು ಕೊರಗುವ ನನ್ನಂಥ ಮೇಷ್ಟರಿಗೆ, ಒಂದು ಅರ್ಧವಿರಾಮ ಬಿಟ್ಟುಹೋದರೆ ಇಡೀ ಸಂಘದ ಲೆಕ್ಕವೇ ನಿಂತುಹೋಗುವ ಈ ರಾಜ್ಯ ಸ್ವರ್ಗದಂತೆ ಕಂಡರೆ ಆಶ್ಚರ್ಯವೇನು?

ಇವರಿಬ್ಬರಿಗೂ ಪರಸ್ಪರ ಭಾಷೆ ಬಾರದು. ಆದ್ದರಿಂದ ಬಾಗಿಲಲ್ಲಿ ಒಬ್ಬ ದುಭಾಷಿ ಇರುತ್ತಾನೆ. ಅವನ ಹೆಸರು ಪ್ರಿಕಂಪೈಲರ್. ಬರವಣಿಗೆಯನ್ನು ಮೊದಲು ಅವನು ಓದಿ, ಅತಿಥಿಯ ವಾಕ್ಯಗಳನ್ನೆಲ್ಲ ಸಿ ಭಾಷೆಗೆ ತಿರುಗಿಸಿದ ಮೇಲೆಯೇ ಒಳಗಿನವರಿಗೆ ಕಳಿಸುವುದು. ಆರಕಲ್ ಮನೆಯ ದುಭಾಷಿ ಪ್ರೋಸಿ; ಈಗ ಹೋಗಬೇಕಾಗಿದ್ದ ಪೋಸ್ಟ್‌ಗ್ರೆಸ್ ಮನೆಯ ದುಭಾಷಿ ಇಸಿಪಿಜಿ. ಹಳೆಯ ದುಭಾಷಿಯ ಸಲಿಗೆಯಲ್ಲಿ ಬೆಳೆದ ಬರವಣಿಗೆಯನ್ನು ಹೊಸ ದುಭಾಷಿಯ ಮುಂದೆ ಹಿಡಿದಾಗ ಏನಾಗಬೇಕೋ ಅದೇ ಆಯಿತು. ಮೊದಲ ದಿನ ಯಂತ್ರ ಉಗುಳಿದ ತಪ್ಪುಗಳ ಪಟ್ಟಿಯನ್ನು ಅವಳು ಮೇಲಿಂದ ಕೆಳಕ್ಕೆ ಸರಿಸುತ್ತಲೇ ಇದ್ದಳು. ಅದು ಮುಗಿಯುವಷ್ಟರಲ್ಲಿ ನಾನು ಒಂದು ಲೋಟ ಕಾಫಿ ಮುಗಿಸಿದ್ದೆ.

"ಇಷ್ಟೊಂದು ತಪ್ಪೇನಮ್ಮ? ಮೊದಲಿನವರು ಹೇಗೆ ನಡೆಸುತ್ತಿದ್ದರು?"

"ಅಲ್ಲಿ ಇವು ತಪ್ಪಲ್ಲ ಮಾಮ. ಇಲ್ಲಿ ತಪ್ಪು, ಅಷ್ಟೇ."

ಧಾರವಾಡದವರ ಕನ್ನಡವನ್ನು ಮೈಸೂರಿನ ಮೇಷ್ಟರು ತಿದ್ದಲು ಹೊರಟ ಹಾಗೆ. ಕೆಲವು ತಪ್ಪುಗಳ ವಿನೋದವನ್ನು ಅವಳು ನನಗೆ ತೋರಿಸಿಕೊಟ್ಟಳು. ಸಾಲವೇ ಇಲ್ಲದ ಸದಸ್ಯನ ಹೆಸರೂ ಪಟ್ಟಿಯಲ್ಲಿ ಬರಲಿ ಎನ್ನುವುದಕ್ಕೆ ಆರಕಲ್‌ನಲ್ಲಿ ಕಂಸದೊಳಗೆ ಒಂದು ಕೂಡಿಸುವ ಚಿಹ್ನೆ ಇಟ್ಟರೆ ಸಾಕಿತ್ತು. ಹೊಸ ದುಭಾಷಿ ಆ ಕಂಸ ತೆರೆದದ್ದನ್ನು ನೋಡಿ, ಕೂಡಿಸುವ ಚಿಹ್ನೆಯನ್ನೂ ನೋಡಿ, ಏನನ್ನು ಕೂಡಿಸಬೇಕೋ ಎಂದು ಕಾದು ನಿಲ್ಲುತ್ತಾನೆ. ಕಂಸ ಮುಚ್ಚಿದೊಡನೆ "ಇಲ್ಲಿ ವಾಕ್ಯರಚನೆ ಕೆಟ್ಟಿದೆ" ಎಂದು ಕೂಗುತ್ತಾನೆ. ಅದನ್ನು 1992ರ ಮಾನಕ ಹೇಳಿದಂತೆ "ಲೆಫ್ಟ್ ಔಟರ್ ಜಾಯಿನ್" ಎಂದು ಬಾಯಿ ತುಂಬ ಬರೆದರೆ ಸುಮ್ಮನಾಗುತ್ತಾನೆ. ಇನ್ನೊಂದು ಕಡೆ, ಒಂದು ಪಟ್ಟಿಯಿಂದ ಇನ್ನೊಂದನ್ನು ಕಳೆಯಲು ಹಳಬರು "ಮೈನಸ್" ಎಂದು ಬರೆದಿದ್ದರು. ಹೊಸಬನಿಗೆ ಅದು ಗೊತ್ತಿಲ್ಲ. ಅವನ ದೇಶದಲ್ಲಿ ಆ ಕ್ರಿಯೆಗೆ "ಎಕ್ಸೆಪ್ಟ್" ಎನ್ನಬೇಕು. ಆದರೆ ಅವನು ಮೈನಸ್ ಎಂಬಲ್ಲಿ ಕೂಗುವುದಿಲ್ಲ! ಕೋಷ್ಟಕದ ಹೆಸರಿನ ಪಕ್ಕದಲ್ಲಿ ಬಂದ ಆ ಪದವನ್ನು ಕೋಷ್ಟಕದ ಅಡ್ಡಹೆಸರೆಂದು ತಿಳಿದು, ತಲೆಯಾಡಿಸಿ ಮುಂದೆ ಹೋಗಿ, ನಿರಪರಾಧಿಯಾದ ಮುಂದಿನ "ಸೆಲೆಕ್ಟ್" ಪದದ ಮೇಲೆ ದೂರು ಹೊರಿಸುತ್ತಾನೆ. ಗಲಾಟೆ ಮಾಡಿದವನ ಪಕ್ಕದಲ್ಲಿ ಕೂತ ಹುಡುಗನಿಗೆ ಬೀಳುವ ಏಟಿನ ನೆನಪಾಗಿ ನಾನು ನಕ್ಕೆ.

ಹೀಗೆ ನಾಲ್ಕು ದಿನಗಳಲ್ಲಿ ದುಭಾಷಿಯ ಬಾಯಿ ಮುಚ್ಚಿತು. ಆಮೇಲೆ ಎರಡನೆಯ ಬಾಗಿಲು. ದುಭಾಷಿ ನೋಡುವುದು ವಾಕ್ಯರಚನೆಯನ್ನು ಮಾತ್ರ. ಪದಗಳು ನಿಘಂಟಿನಲ್ಲಿವೆಯೇ ಎಂದು ನೋಡುವುದು ಡೇಟಾಬೇಸು, ಅದೂ ಪ್ರೋಗ್ರಾಮು ಓಡುವಾಗ. ಆರಕಲ್‌ನಲ್ಲಿ ಇವತ್ತಿನ ದಿನಾಂಕಕ್ಕೆ "ಸಿಸ್‌ಡೇಟ್" ಎನ್ನುತ್ತಾರೆ. ಇಲ್ಲಿ ಅಂಥ ಹೆಸರಿನ ಉದ್ದಸಾಲು ಯಾವ ಕೋಷ್ಟಕದಲ್ಲೂ ಇಲ್ಲ ಎಂದು ಉತ್ತರ ಬಂತು. ಅಲ್ಲಿ "ಡ್ಯುಯಲ್" ಎಂಬ ಒಂದೇ ಸಾಲಿನ ಹೆಸರಿಗಷ್ಟೇ ಇರುವ ಕೋಷ್ಟಕವೊಂದು ಉಂಟು. ಇಲ್ಲಿ ಅದು ಯಾರೆಂದೇ ಗೊತ್ತಿಲ್ಲ. ಇವನ್ನೂ ಅವಳು ಒಂದೊಂದಾಗಿ ತಿದ್ದಿದಳು. ಪ್ರತಿ ತಪ್ಪಿಗೂ ಸಾಲಿನ ಸಂಖ್ಯೆಯೋ ಪದದ ಹೆಸರೋ ಸಿಗುತ್ತಿತ್ತು. ಬೊಗಳುವ ನಾಯಿ ಕಚ್ಚುವುದಿಲ್ಲವೆಂಬ ಗಾದೆ ಇಲ್ಲಿಯಂತೂ ನಿಜ. ಕೂಗಿದ ತಪ್ಪು ಕೈಹಿಡಿದು ಕರೆದೊಯ್ದು ತನ್ನ ಜಾಗವನ್ನು ತಾನೇ ತೋರಿಸುತ್ತದೆ.

ಕೂಗದ ತಪ್ಪಿನ ಮೊದಲ ದರ್ಶನ ಹಾಸ್ಯವಾಗಿಯೇ ಆಯಿತು. ಕೋಷ್ಟಕದಿಂದ ಸಾಲುಗಳನ್ನು ಒಂದೊಂದಾಗಿ ತರುವಾಗ, ಇನ್ನು ಸಾಲುಗಳಿಲ್ಲ ಎಂಬುದಕ್ಕೆ ಆರಕಲ್‌ನ ದುಭಾಷಿ ರೂಢಿಯಂತೆ 1403 ಎಂಬ ಅಂಕಿಯನ್ನು ಕೊಡುತ್ತಾನೆ. ಹಳೆಯ ಪ್ರೋಗ್ರಾಮಿನಲ್ಲಿ "1403 ಬಂದರೆ ನಿಲ್ಲಿಸು" ಎಂದು ಬರೆದಿತ್ತು. ಪೋಸ್ಟ್‌ಗ್ರೆಸ್ ಮನೆಯಲ್ಲಿ ಅದೇ ಮಾತಿಗೆ 100 ಎನ್ನುತ್ತಾರೆ. ವಾಕ್ಯರಚನೆಯಲ್ಲಿ ದೋಷವಿಲ್ಲ, ಪದಗಳಲ್ಲಿ ದೋಷವಿಲ್ಲ. ಪ್ರೋಗ್ರಾಮು ಓಡಿತು, ಓಡುತ್ತಲೇ ಇತ್ತು. ಅತ್ತಲಿಂದ "ಮುಗಿಯಿತು, ಮುಗಿಯಿತು" ಎನ್ನುತ್ತಿದ್ದರೆ ಇತ್ತಲಿನವನು ತನಗೆ ಬೇಕಾದ ಅಂಕಿ ಬರಲಿಲ್ಲವೆಂದು ಕೊನೆಯ ಸದಸ್ಯನ ಹೆಸರನ್ನೇ ಮತ್ತೆ ಮತ್ತೆ ಬರೆಯುತ್ತ ಹೋದ. ಬಡಪಾಯಿ ಸದಸ್ಯನೊಬ್ಬನಿಗೆ ಮುಗಿಯದ ಡಿವಿಡೆಂಡು! ಅದು ಕಣ್ಣಿಗೆ ಹೊಡೆಯುವಂತೆ ಇದ್ದುದರಿಂದ ಕೂಡಲೇ ಸರಿಹೋಯಿತು.

ಎರಡನೆಯದು ಹಾಗಿರಲಿಲ್ಲ.

ನಮ್ಮ ಕಡೆಯ ಹೆಸರುಗಳ ರೀತಿ ಓದುಗರಿಗೆ ಗೊತ್ತೇ ಇದೆ. ಊರಿನದೊಂದು ಅಕ್ಷರ, ತಂದೆಯದೊಂದು ಅಕ್ಷರ, ಆಮೇಲೆ ನಮ್ಮ ಹೆಸರು. ಸಂಘದ ಕೋಷ್ಟಕದಲ್ಲಿ ಇನಿಷಿಯಲ್ಲಿಗೆ ಒಂದು ಮನೆ, ಹೆಸರಿಗೆ ಇನ್ನೊಂದು ಮನೆ ಇತ್ತು; ಪಟ್ಟಿ ಬರೆಯುವಾಗ ಎರಡನ್ನೂ ಜೋಡಿಸುತ್ತಿದ್ದರು. ಆದರೆ ಇನಿಷಿಯಲ್ ಎಲ್ಲರಿಗೂ ಇರುತ್ತದೆಯೇ? ನಮ್ಮ ಅಜ್ಜಿಗೆ ಇರಲಿಲ್ಲ. ಆಕೆಗೆ ಒಂದೇ ಒಂದು ಹೆಸರು. ಅದರ ಮುಂದೆ ಹಿಂದೆ ಏನೂ ಇಲ್ಲದೆಯೇ ಎಂಬತ್ತು ವರ್ಷ ಬಾಳಿದರು. ಅಂಥವರ ಇನಿಷಿಯಲ್ಲಿನ ಮನೆ ಖಾಲಿ. ಆರಕಲ್‌ಗೆ ಖಾಲಿ ಬರಹವೂ ಒಂದೇ, ಏನೂ ತಿಳಿಯದು ಎಂಬ ಅರ್ಥದ "ನಲ್" ಕೂಡ ಒಂದೇ. ಹೆಸರಿಗೆ ನಲ್ ಜೋಡಿಸಿದರೆ ಅದು ಹೆಸರನ್ನು ಹಾಗೆಯೇ ಬಿಡುತ್ತದೆ. ಪೋಸ್ಟ್‌ಗ್ರೆಸ್ ಶಾಸ್ತ್ರನಿಷ್ಠ. ಅದರ ಪ್ರಕಾರ ಖಾಲಿ ಬೇರೆ, ನಲ್ ಬೇರೆ. ತಿಳಿಯದ ವಸ್ತುವಿಗೆ ತಿಳಿದದ್ದನ್ನು ಜೋಡಿಸಿದರೆ ಬರುವುದೂ ತಿಳಿಯದ ವಸ್ತುವೇ. ಎಂದರೆ, ಇನಿಷಿಯಲ್ ನಲ್ ಆದರೆ ಇಡೀ ಹೆಸರೇ ನಲ್. ತರ್ಕಕ್ಕೆ ಇದು ಸರಿ, ಮಾನಕ ಹೇಳುವುದೂ ಇದನ್ನೇ. ಇನಿಷಿಯಲ್ ಇಲ್ಲದ ಮುದುಕಿಗೆ ಮಾತ್ರ ಇದರಿಂದ ತನ್ನ ಹೆಸರೇ ಇಲ್ಲವಾಯಿತು.

ಪ್ರೋಗ್ರಾಮು ಮೊದಲ ಸಲ ಓಡಿದಾಗ ಯಂತ್ರ ಇಲ್ಲಿ ಕೂಗಿಯೇ ಇತ್ತು. "ಸೂಚಕವಿಲ್ಲದ ಪಾತ್ರೆಗೆ ನಲ್ ಬಂದಿದೆ" ಎಂಬ ಅರ್ಥದ ಒಂದು ದೂರನ್ನು, ಋಣ 213 ಎಂಬ ಅಂಕಿಯೊಡನೆ ಕೊಟ್ಟಿತ್ತು. ಪಾತ್ರೆಯ ಪಕ್ಕದಲ್ಲಿ ಸೂಚಕವೆಂಬ ಇನ್ನೊಂದು ಚಿಕ್ಕ ಪಾತ್ರೆ ಇಟ್ಟರೆ, ನಲ್ ಬಂದಾಗ ಅದರಲ್ಲಿ ಋಣ 1 ಎಂದು ಗುರುತು ಹಾಕಿ ಯಂತ್ರ ಸುಮ್ಮನಾಗುತ್ತದೆ. ಅವಳ ತಂಡದಲ್ಲಿ ಯಾರೋ ಒಬ್ಬರು ದೂರು ನಿಲ್ಲಲಿ ಎಂದು ಸೂಚಕವನ್ನು ಇಟ್ಟಿದ್ದರು. ಸೂಚಕದಲ್ಲಿ ಏನು ಬಂತೆಂದು ನೋಡುವ ಸಾಲನ್ನು ಬರೆದಿರಲಿಲ್ಲ. ದೂರು ನಿಂತಿತು. ಆದರೆ ನಲ್ ಬಂದಾಗ ದೊಡ್ಡ ಪಾತ್ರೆಗೆ ಏನೂ ಬೀಳುವುದಿಲ್ಲ. ಅದನ್ನು ಯಾರೂ ತೊಳೆಯುವುದೂ ಇಲ್ಲ. ಹಿಂದಿನ ಪಂಕ್ತಿಯಲ್ಲಿ ಬಡಿಸಿದ್ದೇ ಅದರಲ್ಲಿ ಉಳಿದಿರುತ್ತದೆ.

ಒಂದು ಸಂಜೆ ಅವಳು ಪರೀಕ್ಷೆಗೆಂದು ತೆಗೆದ ಡಿವಿಡೆಂಡ್ ಪಟ್ಟಿಯನ್ನು ಸಂತೋಷದಿಂದ ನನ್ನ ಮುಂದಿಟ್ಟಳು.

"ನೋಡಿ ಮಾಮ, ಮುಗೀತು. ಹಳೇ ಪಟ್ಟೀಲಿ ಎಷ್ಟು ಸಾಲೋ ಹೊಸದರಲ್ಲೂ ಅಷ್ಟೇ. ಹಣದ ಮೊತ್ತ ಒಂದು ಪೈಸೆ ಆಚೀಚೆ ಇಲ್ಲ. ತಪ್ಪು ಒಂದೂ ಇಲ್ಲ ಅಂತ ಯಂತ್ರಾನೇ ಹೇಳ್ತಿದೆ."

ಹಾಜರಿ ಪುಸ್ತಕ ಹಿಡಿದು ಇಪ್ಪತ್ತು ವರ್ಷ ಸವೆಸಿದವನಿಗೆ ಹೆಸರುಗಳ ಪಟ್ಟಿ ಕೊಟ್ಟರೆ ಅವನು ಮಾಡುವುದು ಒಂದೇ, ಗಟ್ಟಿಯಾಗಿ ಓದುವುದು. ನಾನು ಓದತೊಡಗಿದೆ. ಮೂರನೆಯ ಪುಟದಲ್ಲಿ ಒಂದೇ ಹೆಸರು ಎರಡು ಸಲ ನಾಲಗೆಗೆ ಬಂತು. ಸದಸ್ಯ ಸಂಖ್ಯೆ ಬೇರೆ, ಹಣ ಬೇರೆ, ಹೆಸರು ಮಾತ್ರ ಒಂದೇ.

"ಒಂದೇ ಹೆಸರಿನವರು ಇಬ್ಬರು ಇರಬಾರದಾ ಮಾಮ?"

"ಇರಲಿ ಕಣಮ್ಮ, ನನ್ನ ತರಗತಿಯಲ್ಲೇ ಇದ್ದಾರೆ. ಆದರೆ ಪಕ್ಕಪಕ್ಕದಲ್ಲೇ ಇರುತ್ತಾರೆಯೇ?"

ಇನ್ನೂ ಮುಂದೆ ಓದಿದೆ. ಅಂಥ ಜೋಡಿಗಳು 11 ಸಿಕ್ಕಿದವು. ಅವಳು ಮಾತಾಡದೆ ಹಳೆಯ ಪಟ್ಟಿಯನ್ನು ತೆಗೆದು ಸದಸ್ಯ ಸಂಖ್ಯೆಗಳನ್ನು ಹೋಲಿಸಿದಳು. ಆ 11 ಸ್ಥಳಗಳಲ್ಲಿಯೂ ಹಳೆಯ ಪಟ್ಟಿಯಲ್ಲಿ ಇದ್ದವರು ಇನಿಷಿಯಲ್ ಇಲ್ಲದ, ಒಂದೇ ಹೆಸರಿನ ಹೆಂಗಸರು. ಅವರ ಹಣ ಸರಿಯಾಗಿಯೇ ಇತ್ತು; ಹೆಸರಿನ ಸ್ಥಳದಲ್ಲಿ ಮೇಲಿನ ಸಾಲಿನವರು ಕುಳಿತಿದ್ದರು. ಪಟ್ಟಿ ಪರೀಕ್ಷೆಯದಾದುದರಿಂದ ಯಾರಿಗೂ ಏನೂ ನಷ್ಟವಾಗಲಿಲ್ಲ. ಆದರೆ ನಿಜವಾದ ಪಟ್ಟಿಯೇ ಹೀಗೆ ಹೋಗಿದ್ದರೆ? ಸಂಘದ ಬಾಗಿಲಿಗೆ ಬಂದ ಮುದುಕಿಗೆ "ನಿನ್ನ ಹೆಸರು ಇಲ್ಲವಲ್ಲಮ್ಮ" ಎನ್ನುತ್ತಿದ್ದರು. ಆಕೆ ತಪ್ಪು ಎಲ್ಲಿದೆಯೆಂದು ಯಾರನ್ನು ಕೇಳಬೇಕಿತ್ತು? ಯಂತ್ರವೇ ತಪ್ಪಿಲ್ಲ ಎಂದ ಮೇಲೆ, ಆ ಕಾಗದದ ಎದುರು ಆಕೆಯ ಮಾತು ನಡೆಯುತ್ತಿತ್ತೇ?

ತಿದ್ದುವುದು ಕಷ್ಟವಾಗಲಿಲ್ಲ. ಇನಿಷಿಯಲ್ ನಲ್ ಆಗಿದ್ದರೆ ಅದನ್ನು ಖಾಲಿ ಬರಹವೆಂದು ತಿಳಿ ಎಂದು ಹೇಳುವ "ಕೋಅಲೆಸ್" ಎಂಬ ಮಾತೊಂದು ಪೋಸ್ಟ್‌ಗ್ರೆಸ್‌ನಲ್ಲಿ ಇದೆ. ಅದನ್ನು ಹಾಕಿದಳು. ಆದರೆ ಅಷ್ಟಕ್ಕೇ ಬಿಡದೆ, ಹೀಗೆ ಬರಹಕ್ಕೆ ಬರಹ ಜೋಡಿಸುವ ಜಾಗ ಇನ್ನೆಲ್ಲೆಲ್ಲಿದೆಯೆಂದು ಎರಡು ದಿನ ಕುಳಿತು ಎಲ್ಲ ಪ್ರೋಗ್ರಾಮುಗಳನ್ನೂ ಓದಿದಳು. ಸೂಚಕ ಇಟ್ಟ ಕಡೆಯಲ್ಲೆಲ್ಲ ಸೂಚಕವನ್ನು ನೋಡುವ ಸಾಲು ಬರೆದಳು. ಆ ಎರಡು ದಿನ ಯಂತ್ರ ಒಂದು ಕೆಂಪು ಅಕ್ಷರವನ್ನೂ ತೋರಿಸಲಿಲ್ಲ, ಹುಡುಕಬೇಕಾದವಳು ಅವಳೇ. ಮೊದಲ ದಿನದ ಉದ್ದ ಪಟ್ಟಿಗಿಂತ ಈ ಎರಡು ದಿನಗಳ ಬರಿಯ ಪರದೆಯೇ ಅವಳನ್ನು ಹೆಚ್ಚು ದಣಿಸಿತು.

ಹಳೆಯ ಬರಹವನ್ನು ಹೊಸ ಕಾಲಕ್ಕೆ ಸಾಗಿಸುವವರೆಲ್ಲರಿಗೂ ಇದು ಇದ್ದದ್ದೇ. ಹಳಗನ್ನಡದ ಪಾಠದಲ್ಲಿ ವಿದ್ಯಾರ್ಥಿಗಳು ಹೆದರುವುದು ಅರ್ಥವಾಗದ ಪದಗಳಿಗೆ. ನನಗೆ ಅವುಗಳ ಭಯವಿಲ್ಲ. ಅರ್ಥವಾಗದ ಪದ ದಾರಿಗೆ ಅಡ್ಡ ನಿಂತು ನಿಘಂಟು ನೋಡೆನ್ನುತ್ತದೆ, ನೋಡಿದರೆ ಮುಗಿಯಿತು. ಭಯವಿರುವುದು ಅರ್ಥವಾದಂತೆ ಕಾಣುವ ಪದಗಳದು. ಕೂಳು ಎಂದರೆ ಹಿಂದೆ ಅನ್ನ; ಇಂದು ಅದು ಬೈಗುಳದ ಜೊತೆಗೆ ಬಡಿಸುವ ಅನ್ನ. ಹಿಂದೆ ಹೂವು ಕೂಡ ನಾರುತ್ತಿತ್ತು. ಇಂದು ಹಾಗೆಂದರೆ ಹೂವಿಗೆ ಅವಮಾನ. ಇಂಥ ಪದ ಯಾರ ಅಪ್ಪಣೆಯನ್ನೂ ಕೇಳದೆ ಹೊಸಗನ್ನಡದ ಬಾಗಿಲು ದಾಟಿ ಒಳಗೆ ಬರುತ್ತದೆ, ಬಂದು ಕವಿ ಹೇಳದ ಮಾತನ್ನು ಕವಿಯ ಬಾಯಲ್ಲಿ ಇಡುತ್ತದೆ. ನನ್ನ ಮುಂದಿದ್ದ ಪ್ರಬಂಧಗಳಲ್ಲಿಯೂ ಕಾಗುಣಿತದ ತಪ್ಪಿಗೆ ಕೆಂಪು ಗೆರೆ ಎಳೆಯಲು ಒಂದು ನಿಮಿಷ ಬೇಡ. ಒಂದೂ ತಪ್ಪಿಲ್ಲದ ಪುಟವೊಂದು ತಾನು ಹೇಳಹೊರಟದ್ದಕ್ಕೆ ವಿರುದ್ಧವಾದುದನ್ನು ಹೇಳಿ ಮುಗಿಸಿದ್ದರೆ, ಗೆರೆ ಎಳೆಯುವುದೆಲ್ಲಿ?

ಕನ್ನಡದ ಮಗು ಮಾತು ಕಲಿಯುವಾಗಲೇ ಇಲ್ಲ ಎಂಬುದನ್ನೂ ಅಲ್ಲ ಎಂಬುದನ್ನೂ ಬೇರೆಬೇರೆಯಾಗಿ ಕಲಿಯುತ್ತದೆ. ಸ್ವಲ್ಪ ದೊಡ್ಡದಾದ ಮೇಲೆ ಗೊತ್ತಿಲ್ಲ ಎಂಬುದನ್ನೂ ಕಲಿಯುತ್ತದೆ. ಈ ಮೂರರ ನಡುವಣ ವ್ಯತ್ಯಾಸವನ್ನು ಎರಡು ಯಂತ್ರಗಳು ಎರಡು ಬಗೆಯಾಗಿ ತಿಳಿದುಕೊಂಡಿದ್ದವು. ಅವುಗಳ ಮೇಲೆ ಸಿಟ್ಟಾಗಿ ಪ್ರಯೋಜನವಿಲ್ಲ; ಅವು ತಮ್ಮ ತಮ್ಮ ವ್ಯಾಕರಣಕ್ಕೆ ನಿಷ್ಠವಾಗಿಯೇ ನಡೆದವು. ಹೆಸರಿನ ಮುಂದೆ ಅಕ್ಷರವಿಲ್ಲದವರಿಗೂ ಹೆಸರಿದೆ ಎಂಬ ತಿಳಿವು ವ್ಯಾಕರಣದಲ್ಲಿ ಸಿಗುವಂಥದಲ್ಲ. ಅದು ಅಂಥವರನ್ನು ಕಂಡು, ಅವರ ಹೆಸರು ಹಿಡಿದು ಕರೆದು ಬಲ್ಲವರಿಗೆ ಬರುವ ತಿಳಿವು.

ಆದ್ದರಿಂದ, ಎಲ್ಲ ತಪ್ಪುಗಳೂ ತಿದ್ದಿಯಾಯಿತು ಎಂದು ಯಂತ್ರ ಹೇಳಿದ ಮೇಲೆ, ಯಾರಾದರೊಬ್ಬರು ಕುರ್ಚಿ ಎಳೆದುಕೊಂಡು ಕುಳಿತು ಆ ಪಟ್ಟಿಯನ್ನು ಒಂದು ಸಲ ಗಟ್ಟಿಯಾಗಿ ಓದುವ ಪದ್ಧತಿ ಇದ್ದರೆ ಒಳ್ಳೆಯದು. ಹೆಚ್ಚಿನ ಖರ್ಚಿನ ಕೆಲಸವೇನೂ ಅಲ್ಲ. ಓದುವವರು ಕಂಪ್ಯೂಟರು ಬಲ್ಲವರಾಗಬೇಕೆಂದೂ ಇಲ್ಲ. ಹೆಸರು ಕರೆದಾಗ ಯಾರು ಓಗೊಡಲಿಲ್ಲ ಎಂದು ತಲೆಯೆತ್ತಿ ನೋಡುವವರಾದರೆ ಸಾಕು.